ಪೆಡಲ್ ಒತ್ತಿ ಹಿಡಿದವಳು

"ಸರೀರಿ… ಸರೀರಿ! ಬ್ರೇಕ್ ಹತ್ತವಲ್ದು!"

ಸಿಂಧನೂರಿನ ಹೊರಗೆ, ಮಸ್ಕಿ ರಸ್ತೆಯ ಹುಸೇನ್‌ಸಾಬರ ಗ್ಯಾರೇಜಿನ ಮುಂದೆ ಚಹಾ ಕುಡಿಯುತ್ತಾ ನಿಂತವರೆಲ್ಲ ಕಪ್ಪು ಬಸಿ ಬಿಟ್ಟು ಓಡಿದರು. ಹಾರ್ನ್ ಹೊಡೆಯುತ್ತಾ ಬಂದ ಬೂದು ಬಣ್ಣದ ಹಳೆಯ ಲ್ಯಾಂಡ್‌ಮಾಸ್ಟರ್ ಕಾರು ರಸ್ತೆಯಿಂದ ಕೆಳಗಿಳಿದು, ಪಕ್ಕದ ರೈಸ್‌ಮಿಲ್ಲಿನವರು ಸುರಿದಿದ್ದ ಭತ್ತದ ಹೊಟ್ಟಿನ ಗುಡ್ಡೆಯೊಳಗೆ ಮೂತಿ ತೂರಿಸಿ ನಿಂತಿತು.

ಧೂಳು ಇಳಿಯುವ ಮೊದಲೇ ಕಾರಿನ ಬಾಗಿಲು ತೆರೆಯಿತು. ನರ್ಸಮ್ಮನ ಬಿಳಿ ಸೀರೆ ಉಟ್ಟ ಯುವತಿಯೊಬ್ಬಳು ಇಳಿದಳು. ಹಣೆಯಿಂದ ರಕ್ತ ಇಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳುವ ವ್ಯವಧಾನವೂ ಅವಳಿಗಿರಲಿಲ್ಲ.

"ಇಲ್ಲಿ ಯಮನೂರಪ್ಪ ಅನ್ನೋರು ಯಾರ್ರಿ?"

ಜೀಪಿನ ಅಡಿಯಿಂದ ಒಬ್ಬ ಎದ್ದು ಬಂದ. ಎತ್ತರದ ಆಳು, ಮೊಣಕೈವರೆಗೆ ಗ್ರೀಸು.

"ನಾನ್ರಿ."

"ಮೊನ್ನೆ ನಮ್ಮಪ್ಪನ ಗಾಡಿಗೆ ಬ್ರೇಕ್ ಮಾಡಿದವರು ನೀವ?"

"ಹೌದ್ರಿ."

"ಮಂದಿ ಜೀವ ಅಂದ್ರ ಏನ್ ಅನ್ಕೊಂಡೀರಿ? ಈ ಗಾಡ್ಯಾಗ ದಿನಾ ಬಸುರಿ ಹೆಣ್ಮಕ್ಕಳನ್ನ ದವಾಖಾನಿಗೆ ಒಯ್ತಾರ. ಇವತ್ತು ಹಿಂದಿನ ಸೀಟಿನ್ಯಾಗ ಯಾರಾರ ಇದ್ದಿದ್ರ? ಹೇಳ್ರಿ, ಇದ್ದಿದ್ರ ಏನ್ ಗತಿ?"

ಅವನು ಸುಮ್ಮನೆ ಕಾರಿನ ಅಡಿಗೆ ತೂರಿದ. ಅವಳ ಸಿಟ್ಟು ಇನ್ನೂ ಏರಿತು. 'ಮಾತಾಡಾಕ ಬಾಯಿಲ್ಲ, ಅಡಗಾಕ ಜಾಗ ಬೇಕು!'

ಸ್ವಲ್ಪ ಹೊತ್ತಿಗೆ ಅವನು ಹೊರಬಂದ. ಎರಡು ಬೆರಳಿಗೆ ಹತ್ತಿದ್ದ ಕಪ್ಪು ಎಣ್ಣೆಯನ್ನು ತಿಕ್ಕಿ ನೋಡಿ, ಮೂಸಿ, ಸ್ಟೇರಿಂಗ್ ಹಿಡಿದು ಕೂತೇ ಇದ್ದ ಅವಳ ಅಪ್ಪ ಮಾಳಿಂಗಪ್ಪನ ಹತ್ತಿರ ಹೋದ.

"ಕಾಕಾ, ಬ್ರೇಕಿಗೆ ಏನ್ ಹಾಕಿದ್ರಿ?"

ಮಾಳಿಂಗಪ್ಪ ತಲೆ ತಗ್ಗಿಸಿದ. "ಎಣ್ಣಿ ಕಮ್ಮಿ ಆಗಿತ್ತು ತಮ್ಮಾ… ಮನ್ಯಾಗ ಇಂಜಿನ್ ಆಯಿಲ್ ಇತ್ತು. ಎಣ್ಣಿ ಅಂದ್ರ ಎಣ್ಣಿನ ಅಲ್ಲೇನು ಅಂತ…"

"ಅದಕ್ಕ ರಬ್ಬರ್ ಉಬ್ಬಿ ಮೆತ್ತಗಾಗೈತ್ರಿ. ಪೈಪು ಮೂರೂ ಹೋಗ್ಯಾವ."

ಮಗಳು ಗಿರಿಯಮ್ಮನ ಮುಖ ಕೆಂಪಾಯಿತು. ಸುತ್ತ ನಿಂತವರು ಅವಳನ್ನೇ ನೋಡುತ್ತಿದ್ದರು. ಈಗ ಇವನು ಆಡಿಕೊಳ್ಳುತ್ತಾನೆ, ಆಡಿಕೊಳ್ಳಲಿ, ತಪ್ಪು ನನ್ನದೇ… ಎಂದು ಅವಳು ಕಾದಳು.

ಅವನು ಗಡಿಗೆಯಿಂದ ಒಂದು ತಂಬಿಗೆ ನೀರು ತಂದು ಅವಳ ಮುಂದೆ ಹಿಡಿದ.

"ಮೊದ್ಲು ಹಣಿ ತೊಳ್ಕೋರಿ. ತಪ್ಪು ನನ್ನದೂ ಐತಿ. ಯಾವ ಎಣ್ಣಿ ಹಾಕಬೇಕು ಅಂತ ಕಾಕಾಗ ಹೇಳಿ ಕಳಿಸಬೇಕಾಗಿತ್ತು. ಹೇಳದ ಬಿಟ್ಟೆ."

ಹೇಳಬೇಕಾದ್ದನ್ನು ಹೇಳದೆ ಬಿಡುವುದು… ಅದೊಂದೇ ಅವನ ದೊಡ್ಡ ದೋಷ. ಅದು ಮುಂದೆ ಇಬ್ಬರನ್ನೂ ಎಷ್ಟು ಅಳಿಸಲಿದೆ ಎಂದು ಆಗ ಅವನಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಅದು ಸಾವಿರದ ಒಂಬೈನೂರ ಎಂಬತ್ತೈದರ ಬೇಸಿಗೆ.

*

ಆ ಕಾರಿಗೆ ಆಗಲೇ ವಯಸ್ಸಾಗಿತ್ತು. ಲಿಂಗಸುಗೂರಿನ ಒಬ್ಬ ವಕೀಲರ ಮನೆಯಲ್ಲಿ ಮಾಳಿಂಗಪ್ಪ ಡ್ರೈವರ್ ಆಗಿದ್ದ. ಗಿರಿಯಮ್ಮ ಹುಟ್ಟಿದಾಗ ಮಸ್ಕಿಯಲ್ಲಿ ಒಂದು ಗಾಡಿ ಸಿಗದೆ, ಎತ್ತಿನ ಬಂಡಿಯಲ್ಲೇ, ದಾರಿ ನಡುವೆ ಅವನ ಹೆಂಡತಿ ತೀರಿಕೊಂಡಳು. ವಕೀಲರು ಹೊಸ ಕಾರು ಕೊಂಡಾಗ ಹಳೆಯದನ್ನು ಅವನು ತನಗೇ ಬೇಕೆಂದು ಕೇಳಿ ತೆಗೆದುಕೊಂಡ. ಅಂದಿನಿಂದ ಮಸ್ಕಿಯ ಸುತ್ತಮುತ್ತ ಯಾವ ಹೆಣ್ಣಿಗೆ ನೋವು ಕಾಣಿಸಿಕೊಂಡರೂ ಮೊದಲು ನೆನಪಾಗುವುದು ಮಾಳಿಂಗಪ್ಪನ ಗಾಡಿಯೇ. ಮಗಳು ನರ್ಸ್ ಆದದ್ದೂ ಅದೇ ಕಾರಣಕ್ಕೆ. ತಂದೆಗೆ ಆ ಕಾರು ಬರೀ ಕಾರಲ್ಲ ಎಂಬುದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಂಥ ಹಳೆಯ ಗಾಡಿಯ ಬ್ರೇಕ್ ಪೈಪು ಸಿಂಧನೂರಿನಲ್ಲಿ ಎಲ್ಲಿ ಸಿಗಬೇಕು? ಯಮನೂರಪ್ಪ ಒಡೆದ ಪೈಪುಗಳನ್ನು ಪೇಪರಿನಲ್ಲಿ ಸುತ್ತಿಕೊಂಡು ಹೈದರಾಬಾದಿನ ಬಸ್ಸು ಹತ್ತಿದ. ಅಲ್ಲಿನ ಗುಜರಿ ಅಂಗಡಿಗಳಲ್ಲಿ ಅಳತೆ ಹಿಡಿದು ಹಿಡಿದು ನೋಡಿ, ಮುಂದಿನ ಚಕ್ರಗಳಿಗೆ ಎರಡು ತಂದ. ಹಿಂದಿನದಕ್ಕೆ ಸರಿಯಾದದ್ದು ಸಿಗದೆ, ಸದ್ಯಕ್ಕೆ ಬೇರೆ ಗಾಡಿಯದನ್ನೇ ಹೊಂದಿಸಿದ.

ಪೈಪು ಹಾಕಿದರೆ ಮುಗಿಯಲಿಲ್ಲ. ಒಳಗೆ ಸೇರಿದ ಗಾಳಿ ತೆಗೆಯಬೇಕು. ಅದಕ್ಕೆ ಒಬ್ಬರು ಮೇಲೆ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಕೆಳಗೆ ಮಲಗಿ ಚಕ್ರದ ಹಿಂದಿನ ಸಣ್ಣ ನಟ್ಟು ಸಡಿಲಿಸಬೇಕು. ಮಾಳಿಂಗಪ್ಪನಿಗೆ ಮಂಡಿ ನೋವು.

"ನೀ ಕುಂದ್ರು ಬೇ ಗಿರಿ," ಎಂದ ಅಪ್ಪ.

ಡ್ರೈವರ್ ಸೀಟಿನಲ್ಲಿ ಕೂತಳು. ಆ ಕಾರಿನಲ್ಲಿ ಬ್ರೇಕಿನ ಎಣ್ಣೆ ಹಾಕುವ ಬಾಯಿ ಇದ್ದದ್ದು ಪೆಡಲಿನ ಪಕ್ಕ, ಕಾಲಿಡುವ ತಗಡಿನ ಕೆಳಗೆ. ತಗಡಿನ ಮೇಲಿನ ಮುಚ್ಚಳ ತೆಗೆದರೆ ಅಂಗೈ ಅಗಲದ ತೂತು. ಆ ತೂತಿನಿಂದ ಅವನ ದನಿ ಮೇಲೆ ಬಂತು.

"ನಾ 'ಒತ್ತ್ರಿ' ಅಂದ್ರ ಒತ್ತಬೇಕು. 'ಹಿಡೀರಿ' ಅಂದ್ರ ಒತ್ತಿದ್ದನ್ನ ಹಂಗ ಹಿಡಕೊಂಡು ಕುಂದ್ರಬೇಕು. ಪೆಡಲ್ ಕೆಳಗ ಇಳದ್ರೂ ಕಾಲು ತಗೀಬಾರದು. ನಾ ನಟ್ಟು ಬಿಗದು 'ಬಿಡ್ರಿ' ಅಂದ ಮ್ಯಾಲೆನ ಬಿಡಬೇಕು."

"ಅದಕ್ಕಿಂತ ಮೊದ್ಲು ಬಿಟ್ರ?"

"ಮತ್ತ ಗಾಳಿ ಹೊಕ್ಕೊಂತೈತ್ರಿ. ಮಾಡಿದ್ದೆಲ್ಲ ದಂಡ."

"ನಾ ಹಿಡಿದೀನೋ ಇಲ್ಲೋ ನಿಮಗ ಹೆಂಗ ಗೊತ್ತಾಗತೈತಿ?"

"ನೀವು ಹೇಳ್ಬೇಕು. 'ಹಿಡಿದೀನಿ' ಅನ್ಬೇಕು. ಅದನ್ನ ಕೇಳಿದ ಮ್ಯಾಲೆನ ನಾ ನಟ್ಟು ಮುಟ್ಟಾವ."

ಅವನು ಚಕ್ರದ ಹತ್ತಿರ ಸರಿದು ಕೂಗಿದ.

"ಒತ್ತ್ರಿ… ಹಿಡೀರಿ."

"ಹಿಡಿದೀನಿ."

ಅವಳ ಕಾಲಿನ ಕೆಳಗೆ ಪೆಡಲ್ ಮೆಲ್ಲಗೆ ಕುಸಿಯಿತು. ಕಾಲಡಿಯ ನೆಲವೇ ಹೋದಂತಾಗಿ ಅವಳಿಗೆ ಭಯವಾಯಿತು. ಆದರೂ ಬಿಡಲಿಲ್ಲ.

"ಬಿಡ್ರಿ… ಛಲೋ ಹಿಡಿದ್ರಿ," ಎಂದಿತು ಕೆಳಗಿನ ದನಿ.

ಅಷ್ಟು ಸಣ್ಣ ಮೆಚ್ಚುಗೆಗೆ ಅವಳ ಕಿವಿ ಬಿಸಿಯಾಯಿತು. ಯಾರೂ ನೋಡುತ್ತಿರಲಿಲ್ಲ ಎಂಬುದೇ ಪುಣ್ಯ!

*

ಬ್ರೇಕು ಎರಡು ವರ್ಷ ಅವರಿಬ್ಬರನ್ನೂ ಮತ್ತೆ ಮತ್ತೆ ಸೇರಿಸಿತು. ಒಮ್ಮೆ ಮುಂದಿನ ಪೈಪಿನ ಬಾಯಿ ಜಿನುಗುತ್ತಿತ್ತು. ಇನ್ನೊಮ್ಮೆ ಬಿಸಿಲಿಗೆ ರಬ್ಬರ್ ಬಿರಿದಿತ್ತು. ಹೊಂದಿಸಿ ಹಾಕಿದ ಹಿಂದಿನ ಪೈಪಂತೂ ಒಂದು ದಿನ ನೆಟ್ಟಗಿರಲಿಲ್ಲ. ಪ್ರತಿ ಸಲವೂ ಗಾಳಿ ತೆಗೆಯಲು ಮಗಳೇ ಬರಬೇಕು. ಮಾಳಿಂಗಪ್ಪ ಗ್ಯಾರೇಜಿನ ಮುಂದಿನ ಬೇವಿನ ಮರದ ಕೆಳಗೆ ಹುಸೇನ್‌ಸಾಬರ ಜೊತೆ ಹರಟೆಗೆ ಕೂತುಬಿಡುತ್ತಿದ್ದ.

ಮುಖ ನೋಡಿ ಆಡಲಾಗದ ಮಾತುಗಳು ಆ ತೂತಿನ ಮೂಲಕ ಸಲೀಸಾಗಿ ಹೋಗಿ ಬಂದವು. ಅವನ ಊರು ಸಾಲಗುಂದ. ಅಮ್ಮ ಪಕೀರಮ್ಮ, ಮೇಲೆ ಇಬ್ಬರು ಅಣ್ಣಂದಿರು. ಶಾಲೆ ಬಿಟ್ಟು ಹುಸೇನ್‌ಸಾಬರ ಕೈಕೆಳಗೆ ಬೆಳೆದವನು. ಅವಳು ತನ್ನ ಕೈಯಾರೆ ಮಾಡಿಸಿದ ಮೊದಲ ಹೆರಿಗೆಯ ಕತೆ ಹೇಳಿದಳು. ಕೂಸು ಅತ್ತಾಗ ತಾನೂ ಅತ್ತೆ ಎಂದಳು.

"ನೀವು ಪೆಡಲ್ ಒತ್ತಿದ್ರ ನನಗ ಇಲ್ಲಿ ಗೊತ್ತಾಗತೈತಿ," ಎಂದ ಅವನು ಒಂದು ದಿನ. "ಸಿಟ್ಟಿದ್ದಾಗ ಎಣ್ಣಿ ಮುಖಕ್ಕ ರಾಚತೈತಿ. ಇವತ್ತು ಮೆತ್ತಗ ಬರಾಕತ್ತೈತಿ. ಏನ್ ಚಿಂತಿ?"

ಅವಳ ಕಣ್ಣು ತುಂಬಿತು. ಹುಟ್ಟಿದಂದಿನಿಂದ ಅಪ್ಪನನ್ನು ಬಿಟ್ಟರೆ 'ಏನ್ ಚಿಂತಿ' ಎಂದು ಅವಳನ್ನು ಕೇಳಿದವರಿರಲಿಲ್ಲ.

"ಏನಿಲ್ರಿ," ಎಂದಳು. ಆದರೆ ಅಂದೇ ಮನಸ್ಸು ಅವನದಾಗಿತ್ತು.

ಅವನ ಮನಸ್ಸೂ ಅವಳದಾಗಿತ್ತು. ಆದರೆ ಅವಳು ಸರ್ಕಾರಿ ನೌಕರಿಯವಳು, ತಾನು ಗ್ಯಾರೇಜಿನವನು. ಹಿಂದಿನ ಚಕ್ರಕ್ಕೆ ಸರಿಯಾದ ಪೈಪು ತಂದು ಹಾಕಿ, ಆ ಗಾಡಿ ಇನ್ನು ಎಲ್ಲೂ ಕೈಕೊಡುವುದಿಲ್ಲ ಎಂದಾದ ಮೇಲೆ ಮಾಳಿಂಗಪ್ಪನ ಮುಂದೆ ಬಾಯಿ ತೆರೆಯಬೇಕು ಎಂದುಕೊಂಡಿದ್ದ. ಮೊದಲು ಕೆಲಸ ಗಟ್ಟಿಯಾಗಲಿ, ಆಮೇಲೆ ಮಾತು… ಅವನ ಲೆಕ್ಕವೇ ಅಂಥದ್ದು!

ಎಂಬತ್ತೇಳರ ಯುಗಾದಿಗೆ ಮುಂಚೆ ಆ ಪೈಪು ಸಿಕ್ಕಿತು.

*

ಆ ದಿನ ಕೆಲಸ ಹಿಂದಿನ ಚಕ್ರದ್ದು.

ಗ್ಯಾರೇಜಿನ ಅಂಗಳದಲ್ಲಿ ಯಾರದೋ ಟ್ರ್ಯಾಕ್ಟರು ಬೊಬ್ಬೆ ಹಾಕುತ್ತಿತ್ತು. ಗಿರಿಯಮ್ಮ ಸೀಟಿನಲ್ಲಿ ಕೂತಳು. ಲಿಂಗಸುಗೂರಿನಿಂದ ಒಬ್ಬ ಮಾಸ್ತರನ ಕಡೆಯವರು ಅವಳನ್ನು ನೋಡಲು ಬರುವುದಾಗಿ ಹೇಳಿ ಕಳಿಸಿದ್ದರು. ಅಪ್ಪ ಅವಳ ಮೇಲೆಯೇ ಬಿಟ್ಟಿದ್ದ. "ನಿನ್ನ ಮನಸ್ಸಿನ್ಯಾಗ ಏನೈತಿ ಹೇಳ್ ಬೇ," ಎಂದಿದ್ದ.

'ನನ್ನ ಮನಸ್ಸಿನ್ಯಾಗ ಇರೋನು ಗಾಡಿ ಕೆಳಗ ಮಕ್ಕೊಂಡಾನಪ್ಪಾ…' ಎಂದು ಹೇಳಲು ಅವಳಿಗಾಗಿರಲಿಲ್ಲ. ಮೊದಲು ಅವನ ಬಾಯಿಂದ ಒಂದು ಮಾತು ಬರಲಿ. ಒಂದೇ ಮಾತು ಸಾಕು. ಇವತ್ತು ಕೇಳಿಯೇ ಬಿಡುತ್ತೇನೆ.

"ಹಿಡೀರಿ!"

"ಹಿಡಿದೀನಿ."

ಪೆಡಲ್ ಇಳಿಯಿತು. ಅವಳು ಬಗ್ಗಿ, ಆ ತೂತಿಗೆ ಬಾಯಿ ಹತ್ತಿರ ತಂದು, ಮೆಲ್ಲಗೆ ಹೇಳಿದಳು.

"ಲಿಂಗಸುಗೂರಿಂದ ನನ್ನ ನೋಡಾಕ ಬರ್ತಾರಂತ. ನಾ ಮಾತ್ರ ನಿಮ್ಮನ್ನ ನಂಬಿ ಕುಂತೀನಿ. ಏನ್ ಮಾಡ್ಲಿ, ನೀವ ಹೇಳ್ರಿ…"

ಇಂಥ ಮಾತನ್ನು ಟ್ರ್ಯಾಕ್ಟರ್ ಸದ್ದಿನಲ್ಲಿ ಪಿಸುಗುಟ್ಟುತ್ತಾರೆಯೇ ಎಂದು ನೀವು ಕೇಳಬಹುದು. ಕಣ್ಣಲ್ಲಿ ಕಣ್ಣಿಟ್ಟು ಹೇಳುವ ಧೈರ್ಯವಿಲ್ಲದವಳಿಗೆ ಬೇರೆ ಯಾವ ಜಾಗ ಇತ್ತು ಹೇಳಿ. ಮುಂದಿನ ಚಕ್ರದ ಹತ್ತಿರ ಮಲಗಿದ್ದರೆ ಅವನಿಗೆ ಕೇಳುತ್ತಿತ್ತು. ಹಿಂದಿನ ಚಕ್ರದ ಹತ್ತಿರ ಇದ್ದವನಿಗೆ ಒಂದಕ್ಷರವೂ ಮುಟ್ಟಲಿಲ್ಲ. ನಟ್ಟು ಬಿಗಿದ. ಕೂಗಿದ.

"ಬಿಡ್ರಿ!"

ಅವಳು ತೂತಿನ ಹತ್ತಿರ ಇನ್ನೂ ಬಗ್ಗಿದಳು.

"ಏ… ಏನಂದ್ರಿ?" ಎಂದಳು ಗಟ್ಟಿಯಾಗಿ.

ಇದು ಮಾತ್ರ ಅವನಿಗೆ ಕೇಳಿಸಿತು.

"ಬಿಡ್ರಿ ಅಂದೆ! ಎಷ್ಟೊತ್ತು ಹಿಡಕೊಂಡು ಕುಂದ್ರತೀರಿ? ಬಿಟ್ಟುಬಿಡ್ರಿ!"

ಅವಳು ಕಾಲು ತೆಗೆದಳು.

ಉಳಿದ ಕೆಲಸ ಹೇಗೆ ಮುಗಿಯಿತೋ ಅವಳಿಗೆ ನೆನಪಿಲ್ಲ. ಒತ್ತು ಎಂದರೆ ಒತ್ತಿದಳು, ಬಿಡು ಎಂದರೆ ಬಿಟ್ಟಳು. ಅವನು ಹೊರಬಂದು, ಮುಖದ ಎಣ್ಣೆ ಒರೆಸಿಕೊಳ್ಳುತ್ತಾ ನಕ್ಕ. "ಇನ್ನ ಈ ಗಾಡಿಗೆ ನನ್ನ ಗೊಡವಿ ಇಲ್ಲ ನೋಡ್ರಿ!"

ಕೆಲಸ ಗಟ್ಟಿಯಾಯಿತು, ಇನ್ನು ಮಾತಿಗೆ ಬರಬಹುದು ಎಂಬ ಸಂತೋಷ ಅವನದು. ಅವಳಿಗೆ ಕೇಳಿಸಿದ್ದು ಬೇರೆ. ಬಿಡು ಎಂದದ್ದಲ್ಲದೆ, ನನ್ನ ಗೊಡವೆ ಇಲ್ಲ ಎಂದೂ ಅಂದ. ನಗುತ್ತಾ ಅಂದ!

ಮಸ್ಕಿಯವರೆಗೂ ಅವಳು ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದಳು. "ಯಾಕ ಬೇ, ಕಣ್ಣಾಗ ಧೂಳು ಬಿತ್ತೇನು?" ಎಂದು ಅಪ್ಪ ಕೇಳಿದ. ಹೂಂ ಎಂದಳು.

*

ಮಾಸ್ತರನ ಕಡೆಯವರಿಗೆ ಅವಳು ಒಲ್ಲೆ ಎಂದಳು. ಒಬ್ಬನಿಗೆ ಕೊಟ್ಟ ಮನಸ್ಸನ್ನು ಇನ್ನೊಬ್ಬನ ಮನೆಗೆ ಒಯ್ಯುವುದು ಅವಳಿಂದ ಆಗಲಿಲ್ಲ. ಸಿಂಧನೂರಿನ ದಾರಿಯೇ ಬೇಡ ಎಂದು, ತಾನಾಗಿಯೇ ಕೇಳಿ ಮಸ್ಕಿಯಿಂದ ಲಿಂಗಸುಗೂರಿನ ಆಸ್ಪತ್ರೆಗೆ ವರ್ಗ ಮಾಡಿಸಿಕೊಂಡಳು.

ಯುಗಾದಿ ಕಳೆದು ಯಮನೂರಪ್ಪ ಒಗೆದ ಅಂಗಿ ತೊಟ್ಟು ಮಸ್ಕಿಗೆ ಹೊರಟು ನಿಂತಿದ್ದ. ಎಲ್ಲಿಗೆ ಎಂದು ಹುಸೇನ್‌ಸಾಬರು ಕೇಳಿದರು. ಮಾಳಿಂಗಪ್ಪ ಕಾಕಾನ ಮನೆಗೆ ಎಂದ.

"ಅರೇ, ಮಾಳಿಂಗಪ್ಪ ನಿನ್ನೆ ಬಸ್‌ಸ್ಟ್ಯಾಂಡಿನ್ಯಾಗ ಸಿಕ್ಕಿದ್ದ. ಬೇಟಿನ್ನ ಲಿಂಗಸುಗೂರಿಗೆ ಕೊಟ್ಟಾರಂತ. ಖುಷ್ ಇದ್ದ ಬಿಡು."

ಮಾಳಿಂಗಪ್ಪ ಹೇಳಿದ್ದು 'ಮಗಳಿಗೆ ಲಿಂಗಸುಗೂರು ಕೊಟ್ಟಾರ' ಎಂದು, ಅಂದರೆ ಡ್ಯೂಟಿ. ಹುಸೇನ್‌ಸಾಬರ ಬಾಯಲ್ಲಿ ಅದು ಮಗಳನ್ನೇ ಲಿಂಗಸುಗೂರಿಗೆ ಕೊಟ್ಟಂತಾಯಿತು. ಮುದುಕರದು ಕನ್ನಡ ಅರ್ಧ, ಉರ್ದು ಅರ್ಧ. ಅವರನ್ನು ದೂರಿ ಏನು ಮಾಡುವುದು?

ಯಮನೂರಪ್ಪ ಒಳಗೆ ಹೋಗಿ ಒಗೆದ ಅಂಗಿ ಬಿಚ್ಚಿ, ಗ್ರೀಸಿನ ಅಂಗಿ ತೊಟ್ಟುಕೊಂಡ. ಏನೂ ಕೇಳಲಿಲ್ಲ. ಏನೂ ಹೇಳಲಿಲ್ಲ.

*

ತೊಂಬತ್ಮೂರರ ಹೊತ್ತಿಗೆ ಕಾರು ಮಸ್ಕಿಯ ಮನೆಯಂಗಳದಲ್ಲಿ ನಿಂತು ಬಹಳ ಕಾಲವಾಗಿತ್ತು. ಮಾಳಿಂಗಪ್ಪನಿಗೆ ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಅವನ ತಂಗಿ ಆದೆಮ್ಮ ಬಂದು ನೋಡಿಕೊಳ್ಳುತ್ತಿದ್ದಳು. ಗಿರಿಯಮ್ಮ ರಜೆ ಸಿಕ್ಕಾಗಲೆಲ್ಲ ಲಿಂಗಸುಗೂರಿನಿಂದ ಬಸ್ಸು ಹಿಡಿದು ಬರುತ್ತಿದ್ದಳು.

ಬೆಳಗಾದರೆ ಮಾಳಿಂಗಪ್ಪ ಎಡಗೈಯಿಂದ ಅಂಗಳದ ಕಡೆ ತೋರಿಸುತ್ತಿದ್ದ. ಎತ್ತಿ ಒಯ್ದು ಕಾರಿನ ಸೀಟಿನಲ್ಲಿ ಕೂರಿಸಬೇಕು. ಸ್ಟೇರಿಂಗ್ ಮೇಲೆ ಎಡಗೈ ಇಟ್ಟುಕೊಂಡು ಬಿಸಿಲು ಏರುವವರೆಗೂ ಕೂತಿರುತ್ತಿದ್ದ.

ಆ ಭಾನುವಾರ ಗುಜರಿಯವನು ಬಂದ.

"ಕೊಟ್ಟುಬಿಡು ಗಿರಿ," ಎಂದಳು ಆದೆಮ್ಮ. "ಹಾವು ಚೇಳು ಸೇರಿಕೊಳ್ಳಾಕತ್ಯಾವ. ಇನ್ನ ಇದನ್ನ ಓಡ್ಸಾವರು ಯಾರು?"

ಗುಜರಿಯವನು ಬಾನೆಟ್ಟಿನ ಮೇಲೆ ಕೈ ಇಟ್ಟನಷ್ಟೇ. ಸೀಟಿನಲ್ಲಿದ್ದ ಮಾಳಿಂಗಪ್ಪನಿಂದ ಒಂದು ಕೂಗು ಬಂತು. ಮಾತಲ್ಲ, ಬರೀ ಕೂಗು. ಎಡಗೈ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದಿತ್ತು. ಕಣ್ಣಿಂದ ನೀರು ಗಡ್ಡಕ್ಕೆ ಇಳಿಯುತ್ತಿತ್ತು.

"ಇಲ್ಲಪ್ಪಾ, ಕೊಡಂಗಿಲ್ಲ! ಕೊಡಂಗಿಲ್ಲ ಅಳಬ್ಯಾಡ," ಎಂದು ಗಿರಿಯಮ್ಮ ಅವನ ತಲೆಯನ್ನು ಎದೆಗೊತ್ತಿಕೊಂಡಳು. "ರಿಪೇರಿ ಮಾಡಿಸ್ತೀನಿ. ಹಿಂದಿನ ಸೀಟಿನ್ಯಾಗ ನೀ ಸಾಹುಕಾರನಂಗ ಕುಂದ್ರುವಂತಿ."

ಮರುದಿನವೇ ಸಿಂಧನೂರಿಗೆ ಹೋದಳು. ಗ್ಯಾರೇಜಿನಲ್ಲಿ ಹುಸೇನ್‌ಸಾಬರೊಬ್ಬರೇ ಇದ್ದರು. ಕಣ್ಣು ಮಂಜಾಗಿತ್ತು, ದನಿಯಿಂದ ಗುರುತು ಹಿಡಿದರು.

"ಯಾರನ್ನಾರ ಕಳಿಸ್ರಿ ಕಾಕಾ," ಎಂದಳು. "ಯಾರಾದ್ರೂ ನಡೀತೈತಿ."

'ಯಾರಾದ್ರೂ' ಎಂಬುದನ್ನು ಅವಳು ಸ್ವಲ್ಪ ಒತ್ತಿಯೇ ಹೇಳಿದಳು. ಮುದುಕರಿಗೆ ಕಣ್ಣು ಮಂಜಾಗಿದ್ದರೂ ಕಿವಿ ಚುರುಕಾಗಿಯೇ ಇತ್ತು.

*

ಬಂದವನು ಅವನೇ.

ಮುಂದಿನ ಭಾನುವಾರ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದ. ಕಿವಿಯ ಹತ್ತಿರ ನಾಲ್ಕು ಕೂದಲು ಬೆಳ್ಳಗಾಗಿದ್ದವು. ಗಿರಿಯಮ್ಮನ ಕೈಯಲ್ಲಿದ್ದ ಮೊರ ಜಾರಿ, ಹಸನು ಮಾಡುತ್ತಿದ್ದ ಜೋಳ ನೆಲದ ಪಾಲಾಯಿತು.

"ಹುಸೇನ್‌ಸಾಬರು ಹೋಗು ಅಂದ್ರು," ಎಂದ. ಅವಳ ಮುಖ ನೋಡಲಿಲ್ಲ. ಸೀದಾ ಕಾರಿನ ಹತ್ತಿರ ಹೋಗಿ, ಮಾಳಿಂಗಪ್ಪನ ಕಾಲು ಮುಟ್ಟಿದ.

ಚೀಲದಿಂದ ಮೂರು ಹೊಸ ಪೈಪು ತೆಗೆದ. ಅವುಗಳ ಜೊತೆ, ಬಿರಿದುಹೋದ ಇನ್ನೂ ಮೂರು ಹಳೆಯವು ಹೊರಬಂದವು.

"ಇವ್ಯಾವುವು?" ಎಂದಳು.

"ಅವತ್ತು ನಿಮ್ಮ ಗಾಡಿಗೇ ಅಂತ ಮೂರೂ ಒಂದೊಂದು ಜಾಸ್ತಿ ತಂದಿಟ್ಟಿದ್ದೆ. ಮುಂದ ಯಾವಾಗ್ಲಾರ ಬೇಕಾಗತಾವು ಅಂತ. ಹಾಕದಿದ್ರೂ ರಬ್ಬರ್ ಇಟ್ಟಲ್ಲೇ ಸಾಯತೈತ್ರಿ. ಅದಕ್ಕ ಮತ್ತ ಹೈದರಾಬಾದಿಗೆ ಹೋಗಿ ಹೊಸಾವು ತಂದೆ."

ಕಾರಿನ ಅಡಿಗೆ ತೂರಿದ. ಬಹಳ ಹೊತ್ತು ಸ್ಪಾನರಿನ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಕೆಳಗಿನಿಂದಲೇ ಕೇಳಿದ.

"ನಿಮ್ಮ ಮನೆಯವರು ಲಿಂಗಸುಗೂರಾಗ ಇದಾರೇನ್ರಿ?"

"ಮನೆಯವರಂದ್ರ ಇವರ. ಅಪ್ಪ, ಅತ್ತಿ."

"ಅಲ್ರಿ… ಯಜಮಾನ್ರು."

"ಯಾವ ಯಜಮಾನ್ರು?"

ಸ್ಪಾನರಿನ ಸದ್ದು ನಿಂತಿತು.

"ನಿಮ್ಮನ್ನ ಲಿಂಗಸುಗೂರಿಗೆ ಕೊಟ್ಟಾರ ಅಂತ ಹುಸೇನ್‌ಸಾಬರು…"

"ನನ್ನನ್ನ ಯಾರೂ ಎಲ್ಲಿಗೂ ಕೊಟ್ಟಿಲ್ಲ! ನನಗ ಲಿಂಗಸುಗೂರು ಕೊಟ್ಟಾರ. ಡ್ಯೂಟಿ!"

ಗಿರಿಯಮ್ಮ ಸೆರಗನ್ನು ಬೆರಳಿಗೆ ಸುತ್ತುತ್ತಾ ನಿಂತಳು. ಆರು ವರ್ಷ! ಬೇರೆಯವನ ಹೆಂಡತಿ ಎಂದುಕೊಂಡು ಆರು ವರ್ಷ ಕಳೆದನೇ? ಅಂದುಕೊಳ್ಳಲಿ. ಬಿಡು ಎಂದವನಿಗೆ ಯಾರ ಹೆಂಡತಿಯಾದರೇನು?

"ನಿಮ್ಮ ಮಕ್ಕಳು ಮರಿ…?" ಎಂದಳು, ಕೇಳಬಾರದೆಂದುಕೊಂಡೇ.

"ಮದಿವಿ ಆಗಿದ್ರ ಅಲ್ಲೇನ್ರಿ ಮಕ್ಕಳು."

ಆದೆಮ್ಮ ಜೋಳ ಬಳಿಯುತ್ತಾ ಇಬ್ಬರನ್ನೂ ಒಮ್ಮೆ ನೋಡಿ, ನೀರು ತರುವ ನೆಪದಲ್ಲಿ ಕೊಡ ಎತ್ತಿಕೊಂಡು ಹೊರಟುಹೋದಳು.

ಪೈಪು ಹಾಕಿ ಆಯಿತು. ಮಾಳಿಂಗಪ್ಪನನ್ನು ಇಬ್ಬರೂ ಸೇರಿ ಹಿಂದಿನ ಸೀಟಿಗೆ ಎತ್ತಿ ಕೂರಿಸಿದರು. ಗಿರಿಯಮ್ಮ ಡ್ರೈವರ್ ಸೀಟಿನಲ್ಲಿ ಕೂತಳು. ಮುಚ್ಚಳ ತೆಗೆದು ಎಣ್ಣೆ ತುಂಬಿದಳು. ಅವನು ಹಿಂದಿನ ಚಕ್ರದ ಹತ್ತಿರ ಮಲಗಿದ. ಅಂದು ಮಲಗಿದ್ದ ಜಾಗದಲ್ಲೇ.

"ಒತ್ತ್ರಿ… ಹಿಡೀರಿ."

"ಹಿಡಿದೀನಿ."

ಪೆಡಲ್ ಕುಸಿಯಿತು. ನಟ್ಟು ಬಿಗಿದ ಸದ್ದು ಬಂತು.

"ಬಿಡ್ರಿ."

ಅವಳು ಬಿಡಲಿಲ್ಲ.

"ಬಿಡ್ರಿ… ಕೇಳಿಸವಲ್ದೇನ್ರಿ? ಬಿಡ್ರಿ!"

ಆರು ವರ್ಷದಿಂದ ತಡೆದಿದ್ದ ಅಳು ಒಮ್ಮೆಲೇ ನುಗ್ಗಿ ಬಂತು. ಸ್ಟೇರಿಂಗಿಗೆ ಹಣೆ ಹಚ್ಚಿ ಬಿಕ್ಕಿದಳು. ಕಾಲು ಮಾತ್ರ ಪೆಡಲಿನ ಮೇಲೆ ಹಾಗೆಯೇ ಇತ್ತು.

ಅವನು ಗಾಬರಿಯಿಂದ ಹೊರಗೆ ತೂರಿ ಬಂದ. "ಏನಾತ್ರಿ? ಕಾಲು ಉಳುಕಿತೇನು?"

"ಅವತ್ತೂ ಹಿಂಗ ಅಂದ್ರಿ! ನಾ ನಾಚಿಕಿ ಬಿಟ್ಟು ಕೇಳಿದ್ದಕ್ಕ, ಬಿಡ್ರಿ ಅಂದ್ರಿ. ಎಷ್ಟೊತ್ತು ಹಿಡಕೊಂಡು ಕುಂದ್ರತೀರಿ, ಬಿಟ್ಟುಬಿಡ್ರಿ ಅಂದ್ರಿ!"

"ಯಾವಾಗ? ಏನ್ ಕೇಳಿದ್ರಿ ನೀವು?"

"ಲಿಂಗಸುಗೂರಿಂದ ನನ್ನ ನೋಡಾಕ ಬರ್ತಾರ, ನಾ ನಿಮ್ಮನ್ನ ನಂಬಿ ಕುಂತೀನಿ, ಏನ್ ಮಾಡ್ಲಿ ಅಂತ ಕೇಳಿದೆ. ಈ ತೂತಿನ್ಯಾಗ ಬಾಯಿಟ್ಟು ಕೇಳಿದೆ!"

ಯಮನೂರಪ್ಪ ತೆರೆದ ಬಾಗಿಲಿಗೆ ಆತುಕೊಂಡು ಹಾಗೆಯೇ ನೆಲಕ್ಕೆ ಕೂತುಬಿಟ್ಟ.

"ನಾ ಹಿಂದಿನ ಗಾಲಿ ಕಡೆ ಇದ್ನೆಲ್ರಿ… ಟ್ರ್ಯಾಕ್ಟರ್ ಬೇರೆ ಚಾಲೂ ಇತ್ತು. ನನಗ ಒಂದು ಮಾತೂ ಕೇಳಿಸಲಿಲ್ಲ. ನಾ ಬಿಡ್ರಿ ಅಂದಿದ್ದು ಪೆಡಲ್ಲು… ಪೆಡಲ್ಲು ಬಿಡ್ರಿ ಅಂದಿದ್ದು!"

ಅವಳು ತಲೆ ಎತ್ತಿದಳು.

"ಪೆಡಲ್ಲ…?"

"ಪೆಡಲ್ಲು. ನಿಮ್ಮನ್ನ ಬಿಡ್ರಿ ಅಂತ ನನ್ನ ಬಾಯಿಂದ ಬರತೈತೇನ್ರಿ? ಯುಗಾದಿ ಆದ ಮ್ಯಾಲೆ ಕಾಕಾನ್ನ ಕೇಳಾಕ ಬರಾಕ ಹತ್ತಿದ್ದೆ. ಹೊಸ್ತಿಲು ದಾಟಿದ್ದೆ. ಆಗ ಹುಸೇನ್‌ಸಾಬರು ಹಂಗಂದ್ರು. ಬಂದು ಕೇಳಬೇಕಾಗಿತ್ತು. ಒಂದ್ ಸಲ ಬಂದು ಕೇಳಿದ್ರ ಆಗ್ತಿತ್ತು. ಕೇಳದ ಬಿಟ್ಟೆ. ಹೇಳದ ಬಿಟ್ಟೆ…"

"ನಾನೂ ಇನ್ನೊಂದ್ ಸಲ ಕೇಳಲಿಲ್ಲ," ಎಂದಳು ಗಿರಿಯಮ್ಮ. "ಸಿಟ್ಟು ಮಾಡ್ಕೊಂಡು ಹೋದೆ. ಆ ದಿನ ಹೊಟ್ಟಿನ್ಯಾಗ ಗಾಡಿ ನುಗ್ಗಿದಾಗ ಮಾಡಿದ್ನೆಲ್ಲ, ಹಂಗ. ಕೇಳದ ಬೈದೆ, ಕೇಳದ ಬಿಟ್ಟೆ."

ಹೋದ ವರ್ಷಗಳಿಗೆ ಯಾರನ್ನು ಬೈಯುವುದು? ಅವನು ಅಳುತ್ತಿದ್ದ, ಎಣ್ಣೆಯ ಕೈಯಿಂದ ಕಣ್ಣು ಒರೆಸಿಕೊಂಡು ಮುಖವೆಲ್ಲ ಮಸಿ ಮಾಡಿಕೊಂಡಿದ್ದ. ಅವಳು ಸೆರಗಿನ ತುದಿಯಿಂದ ಅದನ್ನು ಒರೆಸಿದಳು. ಸೀರೆ ಹಾಳಾಗುತ್ತದೆ ಎಂಬ ಯೋಚನೆಯೂ ಬರಲಿಲ್ಲ.

ಆಗ ಹಿಂದಿನ ಸೀಟಿನಿಂದ ಧಪ್ ಧಪ್ ಎಂದು ಸದ್ದು.

ಅಯ್ಯೋ! ಅಪ್ಪ! ಅಪ್ಪ ಹಿಂದೆಯೇ ಕೂತಿದ್ದಾನೆ ಎಂಬುದನ್ನೇ ಇಬ್ಬರೂ ಮರೆತಿದ್ದರು. ಮಾಳಿಂಗಪ್ಪ ಎಡಗೈಯಿಂದ ಸೀಟು ಬಡಿಯುತ್ತಿದ್ದ. ಅರ್ಧ ಮುಖ ನಗುತ್ತಿತ್ತು, ಎರಡೂ ಕಣ್ಣು ಅಳುತ್ತಿದ್ದವು. ಯಮನೂರಪ್ಪ ಎದ್ದು ಹಿಂದಿನ ಬಾಗಿಲು ತೆರೆದು, ಅವನ ಮುಂದೆ ಮಂಡಿಯೂರಿದ.

"ಕಾಕಾ, ಆರು ವರ್ಷ ತಡ ಮಾಡಿ ಬಂದೀನಿ. ನಿಮ್ಮ ಮಗಳನ್ನ ನನಗ ಕೊಡ್ರಿ."

ಮಾಳಿಂಗಪ್ಪನ ಎಡಗೈ ಅವನ ತಲೆಯ ಮೇಲೆ ಇಳಿಯಿತು. ಬಾಯಿಂದ ಏನೋ ಹೊರಡಲು ಒದ್ದಾಡಿತು. ಮಾತಾಗಲಿಲ್ಲ. ಆ ಕೈ ಮುಂದಿನ ಸೀಟಿನ ಕಡೆ ಚಾಚಿ ಮಗಳ ಭುಜವನ್ನೂ ಮುಟ್ಟಿತು. ಅದಕ್ಕಿಂತ ಹೆಚ್ಚಿಗೆ ಯಾವ ತಂದೆ ತಾನೇ ಹೇಳುತ್ತಾನೆ?

*

ಕೆಲಸ ಇನ್ನೂ ಬಾಕಿ ಇತ್ತು. ಕೊನೆಗೆ ಉಳಿದದ್ದು ಅವಳ ಕಡೆಯ ಮುಂದಿನ ಚಕ್ರ. ಆ ತೂತಿಗೆ ಎಲ್ಲಕ್ಕಿಂತ ಹತ್ತಿರದ್ದು. ಅವನು ಅದರ ಅಡಿಗೆ ತೂರಿದ.

"ಒತ್ತು… ಹಿಡಿ."

'ರೀ' ಬಿಟ್ಟುಹೋಗಿತ್ತು. ಅವಳು ಗಮನಿಸಿದಳು, ಆದರೆ ಗಮನಿಸದವಳಂತೆ ಕೂತಳು.

"ಹಿಡಿದೀನಿ."

ಪೆಡಲ್ ಇಳಿಯಿತು. ನಟ್ಟು ಬಿಗಿಯಿತು. ಕೆಳಗಿನಿಂದ ಮಾತಿಲ್ಲ.

ಅವಳು ಕಾದಳು. ಕಾಲು ನೋಯತೊಡಗಿತು.

"ಏನ್ರಿ, ಬಿಗದಾತೇನು?"

"ಆತು."

"ಮತ್ತ ಹೇಳ್ರಿ."

"ಆ ಮಾತು ನಾ ಇನ್ನ ಹೇಳಂಗಿಲ್ಲ."

"ಹೇಳದಿದ್ರ ನಾ ಕಾಲು ತಗಿಯಂಗಿಲ್ಲ."

"ತಗೀಬ್ಯಾಡ."

"ಹಂಗಾದ್ರ ಬ್ರೇಕ್ ಹೆಂಗ ಆಗತೈತಿ? ಅಪ್ಪ ಕುಂತಾನ ಹಿಂದ, ಊರು ಸುತ್ತಾಕ!"

ಕೆಳಗೆ ಅವನು ಯೋಚಿಸಿದ. ಆ ಅಂಗೈ ಅಗಲದ ತೂತಿನಿಂದ ಅವನ ದನಿ ಮೆಲ್ಲಗೆ ಮೇಲೆ ಬಂತು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅವನು ಆಡದಿದ್ದ ಮಾತು.

"ಗಿರಿ."

ಅವಳು ಕಾಲು ಮೇಲಕ್ಕೆತ್ತಿದಳು.

ಆಮೇಲೆ ಪ್ರತಿ ಸಲವೂ ಹಾಗೆಯೇ ಆಯಿತು. ಒತ್ತು, ಹಿಡಿ, ಗಿರಿ. ಗಾಳಿಯೆಲ್ಲ ಹೊರಹೋಗಿ, ಬರೀ ಎಣ್ಣೆ ಬರತೊಡಗಿದ ಮೇಲೆಯೂ ಅವನು ಒಂದೆರಡು ಸಲ ಹೆಚ್ಚಿಗೇ ಕರೆದ. ಅವಳಿಗೆ ಗೊತ್ತಾಯಿತು, ಆದರೂ ಬೇಡ ಎನ್ನಲಿಲ್ಲ.

"ಈಗ ಒತ್ತಿ ನೋಡು. ಹೆಂಗೈತಿ ಪೆಡಲ್ಲು?"

ಒತ್ತಿದಳು. ಅದು ಕುಸಿಯಲಿಲ್ಲ. ಅವಳ ಕಾಲಿಗೆ ಎದುರಾಗಿ ನಿಂತಿತು.

"ಗಟ್ಟಿ ಐತ್ರಿ."

"ಬಿಟ್ಟು ಬರ್ತೀಯೇನು ಲಿಂಗಸುಗೂರು, ಸಿಂಧನೂರಿಗೆ?"

"ಕೇಳ್ರಿ ಮತ್ತೊಂದ್ ಸಲ. ಸರಿಯಾಗಿ ಕೇಳಿಸಲಿಲ್ಲ."

ಅವನು ಕಾರಿನ ಅಡಿಯಿಂದ ಹೊರಬಂದು, ಬಾಗಿಲ ಹತ್ತಿರ ನಿಂತು, ಅವಳ ಮುಖ ನೋಡಿಕೊಂಡೇ ಕೇಳಿದ.

"ನನ್ನ ಕೈ ಹಿಡೀತೀಯೇನು ಗಿರಿ?"

"ಹಿಡಿದೀನಿ," ಎಂದಳು ಅವಳು.